ದಾರಿ ಕಿರಿದಾಯಿತು, ಕಾಫಿಯ ರುಚಿ ಹೋಯಿತು

ಕಳಸದ ಬಸ್ ನಿಲ್ದಾಣದಲ್ಲಿ ನಿಂತು ಮಂಗಳೂರು ಎಷ್ಟು ದೂರ ಎಂದು ಕೇಳಿದರೆ ಕಿಲೋಮೀಟರಿನ ಲೆಕ್ಕ ಹೇಳುವವರು ಕಡಿಮೆ. ಮೂರೂವರೆ ಗಂಟೆ, ಮಳೆ ಹಿಡಿದರೆ ಹೇಳುವ ಹಾಗಿಲ್ಲ ಎಂಬ ಬಗೆಯ ಉತ್ತರವೇ ಸಿಗುವುದು. ಮಲೆನಾಡಿನಲ್ಲಿ ದೂರವನ್ನು ಹೊತ್ತಿನಿಂದ ಅಳೆಯುವ ಪದ್ಧತಿ ಹಳೆಯದು. ಕೂಗಿದರೆ ಕೇಳಿಸುವಷ್ಟು ದೂರಕ್ಕೆ ಕೂಗಳತೆ ಎಂಬ ಮಾತಿದೆ. ಅದರಾಚೆಗೆ ಹರದಾರಿ, ಇನ್ನೂ ಆಚೆಗೆ ಗಾವುದ. ಹರದಾರಿಯೆಂದರೆ ಸುಮಾರು ಮೂರು ಮೈಲಿ, ಗಾವುದವೆಂದರೆ ಸುಮಾರು ಹನ್ನೆರಡು ಮೈಲಿ ಎಂದು ನಿಘಂಟುಗಳು ಹೇಳುತ್ತವೆಯಾದರೂ ಬಯಲುಸೀಮೆಯ ಹರದಾರಿಗೂ ಘಟ್ಟದ ಹರದಾರಿಗೂ ಅಜಗಜಾಂತರ. ಬೆಟ್ಟ ಹತ್ತುವವನ ಹರದಾರಿ ಬೇಗ ಮುಗಿಯುವುದಿಲ್ಲ.

ಈ ಲೆಕ್ಕವನ್ನು ಇಂದಿನ ವಿಮಾನದ ಕಾಲಕ್ಕೆ ತಂದು ನೋಡಿದರೆ ಸ್ವಾರಸ್ಯವಾದ ಸಂಗತಿಗಳು ಹೊರಬೀಳುತ್ತವೆ. 2021ರ ಜನವರಿ 9ರ ಶನಿವಾರ ರಾತ್ರಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಎಲ್ಲಿಯೂ ಇಳಿಯದೆ ಸೋಮವಾರ ನಸುಕಿನಲ್ಲಿ ಬೆಂಗಳೂರು ತಲುಪಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನಾಯಕತ್ವದಲ್ಲಿ ನಾಲ್ವರು ಮಹಿಳಾ ಪೈಲಟ್‌ಗಳೇ ನಡೆಸಿದ ಪ್ರಯಾಣವೆಂದು ಅದು ಸುದ್ದಿಯಾಯಿತು. ಎರಡು ನಿಲ್ದಾಣಗಳ ನಡುವಿನ ನೇರ ದೂರ 13,993 ಕಿ.ಮೀ. ಪ್ರಯಾಣದ ಅವಧಿ ಸುಮಾರು 17 ಗಂಟೆ. ಎರಡು ಊರುಗಳ ಗಡಿಯಾರಕ್ಕೆ ಹದಿಮೂರೂವರೆ ಗಂಟೆಗಳ ಅಂತರವಿರುವುದರಿಂದ ಒಳಗೆ ಕುಳಿತವರ ಪಾಲಿಗೆ ಭಾನುವಾರವೆಂಬುದು ಹೆಚ್ಚುಕಡಿಮೆ ಆಕಾಶದಲ್ಲೇ ಕಳೆದುಹೋಯಿತು.

ಶಾಲೆಯ ಗೋಡೆಗೆ ತೂಗುಹಾಕಿದ ನಕ್ಷೆಯ ಮೇಲೆ ಈ ಎರಡು ಊರುಗಳ ನಡುವೆ ಗೆರೆ ಎಳೆದರೆ ಅದು ಶಾಂತಸಾಗರವನ್ನು ಅಡ್ಡಡ್ಡ ದಾಟಿಕೊಂಡು ಬರುತ್ತದೆ. ಆದರೆ ಭೂಮಿ ಕಾಗದವಲ್ಲ. ಗೋಳದ ಮೇಲೆ ದಾರವೊಂದನ್ನು ಬಿಗಿದು ಹಿಡಿದರೆ ಅದು ತಾನಾಗಿ ಉತ್ತರಕ್ಕೆ ಜರುಗಿ, ಅಲಾಸ್ಕ ಮತ್ತು ಸೈಬೀರಿಯದ ಕಡೆಯಿಂದ 71 ಡಿಗ್ರಿ ಅಕ್ಷಾಂಶದವರೆಗೂ ಏರಿ, ಅಲ್ಲಿಂದ ಭಾರತದತ್ತ ಇಳಿಯುತ್ತದೆ. ಅತ್ಯಂತ ಹತ್ತಿರದ ದಾರಿ ಅದೇ. ಉತ್ತರ ಧ್ರುವದ ನೆತ್ತಿಯ ಮೇಲಿಂದಲೇ ಬಂದರೂ ಹೆಚ್ಚಾಗುವ ದೂರ ಸುಮಾರು 370 ಕಿ.ಮೀ. ಅಷ್ಟೆ. ಅಂದಿನ ವಿಮಾನ ಧ್ರುವಪ್ರದೇಶದ ಮೇಲಿಂದ ಬಂದಿತು. ಅದು ಹಾರಿದ ದೂರ 16 ಸಾವಿರ ಕಿ.ಮೀ.ಯಷ್ಟೆಂದು ಆಗ ವರದಿಯಾಗಿತ್ತು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಯಾವ ದೇಶದ ಆಕಾಶ ತೆರೆದಿದೆ, ಎಂಜಿನ್ ಕೈಕೊಟ್ಟರೆ ಇಳಿಯಲು ಜಾಗ ಎಲ್ಲಿದೆ ಎಂಬುದೆಲ್ಲ ಸೇರಿ ವಿಮಾನದ ದಾರಿ ಗೊತ್ತಾಗುತ್ತದೆ. ಗಣಿತದ ದಾರಿ ಬೇರೆ, ಹಾರುವ ದಾರಿ ಬೇರೆ.

ಇನ್ನು ಕಳಸದಿಂದ ಬೆಂಗಳೂರಿಗೆ ಸುಮಾರು 330 ಕಿ.ಮೀ. ರಾತ್ರಿ ಬಸ್ಸಿಗೆ ಎಂಟು ಗಂಟೆಯಾದರೂ ಬೇಕು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಹಳೆಯ ಎಚ್.ಎ.ಎಲ್. ಮೈದಾನದಿಂದ ದೇವನಹಳ್ಳಿಗೆ ಹೋದ ಮೇಲೆ ಊರಿಂದ ಆಚೆಗೂ ಒಂದಷ್ಟು ದಾರಿ. ಅಮೆರಿಕದಲ್ಲಿ ಎಂಜಿನಿಯರ್ ಆಗಿರುವ ಮಗನೊಬ್ಬ ಕಳಸದ ತಾಯಿಯ ಮನೆಗೆ ಬರುವಾಗ, ಒಟ್ಟು ದೂರದಲ್ಲಿ ನೂರಕ್ಕೆ ಎರಡು ಪಾಲಿಗಿಂತ ತುಸು ಹೆಚ್ಚಿನ ಕೊನೆಯ ತುಂಡಿಗೆ ಒಟ್ಟು ಹೊತ್ತಿನ ಮೂರರಲ್ಲೊಂದು ಪಾಲು ತೆರಬೇಕಾಗುತ್ತದೆ. ಭೂಗೋಳದ ನೆತ್ತಿ ದಾಟುವುದು ಸುಲಭವಾಗಿದೆ. ಕೊಟ್ಟಿಗೆಹಾರದ ತಿರುವು ದಾಟುವುದು ಇನ್ನೂ ಹಾಗೇ ಇದೆ.

ಹಾಗೆಂದು ಕಳಸ ಯಾವತ್ತೂ ಮೂಲೆಯ ಊರಾಗಿತ್ತೆಂದು ತಿಳಿಯಬೇಕಾಗಿಲ್ಲ. ಒಂದು ಕಾಲದಲ್ಲಿ ಅದು ರಾಜಧಾನಿ. ಘಟ್ಟದ ಮೇಲೆ ಕಳಸ, ಘಟ್ಟದ ಕೆಳಗೆ ಕಾರ್ಕಳ, ಎರಡೂ ಸೇರಿ ಕಳಸ-ಕಾರ್ಕಳ ರಾಜ್ಯ. ಭೈರರಸ ಒಡೆಯರೆಂದು ಹೆಸರಾದ ಈ ಜೈನ ಅರಸರ ಹೆಸರುಗಳು ಕಳಸೇಶ್ವರ ದೇವಾಲಯದ ಶಾಸನಗಳಲ್ಲಿ ಕಾಣುತ್ತವೆ. 1432ರಲ್ಲಿ ಕಾರ್ಕಳದ ಬಂಡೆಯ ಮೇಲೆ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಇದೇ ವಂಶದವನು. ನಕ್ಷೆಯ ಮೇಲೆ ಅಡಿಕೋಲಿಟ್ಟರೆ ಎರಡು ಊರುಗಳಿಗೆ ಇರುವ ಅಂತರ ಸುಮಾರು 40 ಕಿ.ಮೀ. ಮಾತ್ರ. ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ. ಆದರೆ ಕಳಸ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಕಾರ್ಕಳ ಕರಾವಳಿಯ ತಗ್ಗಿನಲ್ಲಿದೆ. ನಡುವೆ ಕುದುರೆಮುಖದ ಗೋಡೆ. ಒಬ್ಬನೇ ಅರಸ ಎರಡು ಕಡೆ ಅರಮನೆ ಇಟ್ಟುಕೊಂಡು ಎರಡು ಹವೆ, ಎರಡು ಬೆಳೆ, ಎರಡು ಭಾಷೆಯ ಜನರನ್ನು ಆಳಿದನೆಂದರೆ ಆ ಗೋಡೆಯಲ್ಲಿ ಕಾಲುದಾರಿಗಳು ಸಾಕಷ್ಟು ಇದ್ದವೆಂದೇ ಅರ್ಥ.

ಆ ದಾರಿಗಳಲ್ಲಿ ನಡೆದದ್ದು ಮುಖ್ಯವಾಗಿ ಎತ್ತಿನ ಹೇರು. ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನಕಾಯಿ ಏರುತ್ತಿದ್ದವು. ಮೇಲಿನಿಂದ ಅಕ್ಕಿ, ಅಡಿಕೆ, ಮೆಣಸು, ಏಲಕ್ಕಿ ಇಳಿಯುತ್ತಿದ್ದವು. ಘಟ್ಟದ ಮೇಲಿನ ಜನಕ್ಕೆ ಉಪ್ಪು ಎಷ್ಟು ದೂರದ ವಸ್ತುವೋ ಅರಬ್ಬರಿಗೆ ಮೆಣಸು ಅಷ್ಟೇ ದೂರದ್ದು. ಎರಡೂ ಬೆನ್ನಟ್ಟಿ ಹೋಗಿ ಸೇರುತ್ತಿದ್ದ ಜಾಗ ಮಂಗಳೂರಿನ ಬಂದರು.

ಮಂಗಳೂರಿನಿಂದ ನೇರ ಪಶ್ಚಿಮಕ್ಕೆ, ತುಸುವೂ ಅತ್ತಿತ್ತ ಹೊರಳದೆ, ಸುಮಾರು 3,200 ಕಿ.ಮೀ. ಸಾಗಿದರೆ ಸಿಗುವುದು ಏಡನ್. ಎರಡೂ ಬಂದರುಗಳು 12.8 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಸುಮಾರು ಹದಿನೇಳು ವರ್ಷ ಮಂಗಳೂರಿನಲ್ಲಿದ್ದು ಏಡನ್ ಜೊತೆ ವ್ಯಾಪಾರ ನಡೆಸಿದ. ಅವನಿಗೆ ಬಂದ ಪತ್ರಗಳು ಕೈರೋದ ಹಳೆಯ ಯಹೂದಿ ಮಂದಿರವೊಂದರ ಕಾಗದದ ರಾಶಿಯಲ್ಲಿ ಉಳಿದು ಇಂದಿನವರೆಗೂ ಬಂದಿವೆ. ಇಲ್ಲಿಂದ ಅಡಿಕೆ, ಮೆಣಸು ಹೋದರೆ ಅಲ್ಲಿಂದ ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಹಾಯಿಹಡಗಿನ ಕಾಲವಾದ್ದರಿಂದ ಅರಬ್ಬಿ ಸಮುದ್ರದ ಗಾಳಿ ತಿರುಗುವವರೆಗೆ ಕಾಯಬೇಕು. ಒಂದು ಪತ್ರಕ್ಕೆ ಉತ್ತರ ಬರುವುದೆಂದರೆ ಸಾಮಾನ್ಯವಾಗಿ ಒಂದು ವರ್ಷದ ಮಾತು. ಹಡಗು ಮುಳುಗಿ ಸರಕು ಹೋದ ಸುದ್ದಿಯೂ ಅದೇ ನಿಧಾನದಲ್ಲಿ ಬರುತ್ತಿತ್ತು.

ಏಡನ್ನಿನಿಂದ ಕೆಂಪು ಸಮುದ್ರದ ಬಾಯಿಯನ್ನು ಹೊಕ್ಕು ತುಸು ಉತ್ತರಕ್ಕೆ ಹೋದರೆ ಯೆಮನ್ ದೇಶದ ಮೋಖಾ ಬಂದರು. ಕಾಫಿ ಕುಡಿಯುವವರಿಗೆಲ್ಲ ಹೆಸರು ಗೊತ್ತಿರುವ ಊರು. ಅಲ್ಲಿ ಒಂದು ಕಾಫಿ ಗಿಡವೂ ಬೆಳೆಯುವುದಿಲ್ಲ ಎಂಬುದು ಬೇರೆ ಮಾತು. ಅದು ಮರಳುನೆಲ. ಕಾಫಿ ಬೆಳೆಯುತ್ತಿದ್ದದ್ದು ಒಳನಾಡಿನ ಬೆಟ್ಟಗಳಲ್ಲಿ, ಮೋಖಾ ಅದನ್ನು ಹಡಗಿಗೆ ಹತ್ತಿಸುತ್ತಿದ್ದ ಬಂದರು. ಇಲ್ಲಿ ನಕ್ಷೆ ಒಂದು ಸೋಜಿಗವನ್ನು ತೋರಿಸುತ್ತದೆ. ಮೋಖಾ ಇರುವುದು 13 ಡಿಗ್ರಿ 19 ಮಿನಿಟು ಉತ್ತರ ಅಕ್ಷಾಂಶದ ಮೇಲೆ. ಚಿಕ್ಕಮಗಳೂರು ಇರುವುದೂ ಅದೇ ಗೆರೆಯ ಮೇಲೆ. ಕಳಸ ಆ ಗೆರೆಯಿಂದ ಒಂದಿಷ್ಟು ದಕ್ಷಿಣಕ್ಕೆ, ಬಾಬಾಬುಡನ್‌ಗಿರಿ ಒಂದಿಷ್ಟು ಉತ್ತರಕ್ಕೆ. ನಡುವಿನ ದೂರ ಸುಮಾರು 3,500 ಕಿ.ಮೀ. ಈಗಿನ ಜೆಟ್ ವಿಮಾನಕ್ಕೆ ಅದು ನಾಲ್ಕು ಗಂಟೆಯ ಹಾರಾಟ.

ರೋಮನ್ ಲೇಖಕ ಪ್ಲಿನಿ ಕ್ರಿಸ್ತಶಕ ಮೊದಲನೆಯ ಶತಮಾನದಲ್ಲೇ ಈ ದಾರಿಯ ಲೆಕ್ಕ ಬರೆದಿಟ್ಟಿದ್ದಾನೆ. ಮೋಖಾಕ್ಕೆ ಸಮೀಪದ ಓಕೇಲಿಸ್ ಎಂಬ ಬಂದರಿನಿಂದ ಹೊರಟರೆ, ಮಾನ್ಸೂನ್ ಗಾಳಿ ಬೆನ್ನಿಗಿದ್ದಾಗ ಮಲಬಾರಿನ ಮುಜಿರಿಸ್ ಬಂದರಿಗೆ ನಲವತ್ತು ದಿನ. ಹದಿನೇಳನೇ ಶತಮಾನದಲ್ಲೂ ಹಾಯಿ, ಗಾಳಿ, ಕಡಲು ಅವೇ ಆಗಿದ್ದುದರಿಂದ ಈ ಲೆಕ್ಕದಲ್ಲಿ ಭಾರಿ ವ್ಯತ್ಯಾಸವಾಗಿರಲಾರದು.

ಆ ಶತಮಾನದಲ್ಲಿ ಹಜ್ ಯಾತ್ರೆ ಮುಗಿಸಿ ಬರುತ್ತಿದ್ದ ಬಾಬಾ ಬುಡನ್ ಮೋಖಾದಿಂದ ಏಳು ಕಾಫಿ ಬೀಜಗಳನ್ನು ಬಚ್ಚಿಟ್ಟು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಕಥೆ ಎಲ್ಲರಿಗೂ ಗೊತ್ತು. ಮೊಳೆಯುವ ಬೀಜ ಹೊರದೇಶಕ್ಕೆ ಹೋಗದಂತೆ ಯೆಮನ್ನಿನವರು ಬೇಯಿಸಿದ ಇಲ್ಲವೆ ಹುರಿದ ಬೀಜವನ್ನಷ್ಟೇ ಮಾರುತ್ತಿದ್ದರೆಂಬ ಪ್ರತೀತಿಯೂ ಅದರ ಜೊತೆಗಿದೆ. ಕಥೆ ಹೇಳುವವರು ಸಾಮಾನ್ಯವಾಗಿ ಏಳು ಎಂಬ ಅಂಕಿಯ ಪಾವಿತ್ರ್ಯವನ್ನು, ಬಚ್ಚಿಟ್ಟ ಜಾಣತನವನ್ನು ಎತ್ತಿ ಹೇಳುತ್ತಾರೆ. ಇದರಲ್ಲಿ ಮೂರನೆಯ ಸಂಗತಿಯೊಂದು ಅಡಗಿದೆ. ಅದು ಹೊತ್ತು. ರಾಗಿ, ಭತ್ತದ ಹಾಗೆ ಕಾಫಿ ಬೀಜವನ್ನು ವರ್ಷಗಟ್ಟಲೆ ಇಟ್ಟು ಬಿತ್ತಲಾಗುವುದಿಲ್ಲ. ಹೊರಗಿನ ಸೆಕೆಯಲ್ಲಿ ಕೆಲವೇ ತಿಂಗಳಿಗೆ ಅದರ ಮೊಳೆಯುವ ಶಕ್ತಿ ಇಳಿದುಹೋಗುತ್ತದೆ. ಇಂದಿಗೂ ನರ್ಸರಿ ಮಾಡುವ ಬೆಳೆಗಾರರು ಹೊಸ ಬೀಜವನ್ನೇ ಹುಡುಕುವುದು ಈ ಕಾರಣಕ್ಕೆ. ಎಂದರೆ ಬೀಜದೊಳಗೊಂದು ಗಡಿಯಾರ ಓಡುತ್ತಿತ್ತು. ಕಡಲಿನ ದಾರಿ ನಲವತ್ತು ದಿನ, ಬಂದರಿನಿಂದ ಬೆಟ್ಟಕ್ಕೆ ಇನ್ನಷ್ಟು ದಿನ. ಗಡಿಯಾರ ನಿಲ್ಲುವ ಮೊದಲು ಬೀಜ ಮಣ್ಣು ಸೇರಿತು. ಗಾಳಿ ಒಂದು ಹಂಗಾಮು ತಪ್ಪಿ ಹಡಗು ನಡುವೆ ಎಲ್ಲಾದರೂ ಮಳೆಗಾಲ ಕಳೆದಿದ್ದರೆ ಅರಬ್ಬರು ಬೇಯಿಸಿ ಕೊಟ್ಟಿದ್ದರೂ ಒಂದೇ, ಹಸಿಯಾಗಿ ಕೊಟ್ಟಿದ್ದರೂ ಒಂದೇ.

ಬೆಟ್ಟದ ಜನರ ಹಿತ್ತಿಲಿನಲ್ಲಿ ಬಹುಕಾಲ ಉಳಿದಿದ್ದ ಕಾಫಿ ದೊಡ್ಡ ತೋಟಗಳ ಬೆಳೆಯಾದದ್ದು 19ನೇ ಶತಮಾನದಲ್ಲಿ. ಥಾಮಸ್ ಕ್ಯಾನನ್ ಚಿಕ್ಕಮಗಳೂರಿನ ಬಳಿ 1830ರಲ್ಲಿ ತೋಟ ಹಾಕಿದ ಮೇಲೆ ಬ್ರಿಟಿಷ್ ದೊರೆಗಳು ಒಬ್ಬರ ಹಿಂದೊಬ್ಬರಂತೆ ಬಂದರು. ಮಂಜರಾಬಾದು, ಮೂಡಿಗೆರೆ, ಕಳಸದ ಕಾಡುಗಳಲ್ಲಿ ನೆರಳಿನ ಮರ ಉಳಿಸಿ ಉಳಿದದ್ದನ್ನು ಕಡಿದು ಗಿಡ ನೆಟ್ಟರು. ಸ್ಥಳೀಯ ಗೌಡರು, ಶಾನುಭೋಗರು, ಜೈನ ಜಮೀನುದಾರರು ಕೂಡ ಈ ಬೆಳೆಗೆ ಇಳಿದರು. ಬೆಳೆಯುವುದೇನೋ ಆಯಿತು. ಕುಡಿಯುವವರು ಇದ್ದದ್ದು ಲಂಡನ್ನಿನಲ್ಲಿ, ಹ್ಯಾಂಬರ್ಗಿನಲ್ಲಿ, ನಾರ್ವೆಯ ಊರುಗಳಲ್ಲಿ.

ಆ ಕಾಫಿಯ ಪ್ರಯಾಣವನ್ನು ಒಮ್ಮೆ ಹಿಂಬಾಲಿಸಬೇಕು. ಅರೇಬಿಕಾ ಹಣ್ಣಿನ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ. ಪಲ್ಪರಿಗೆ ಹಾಕಿ ಸಿಪ್ಪೆ ತೆಗೆದು ತೊಳೆದರೆ ಪಾರ್ಚ್‌ಮೆಂಟ್, ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದರೆ ಚೆರಿ. ಎರಡನ್ನೂ ಗೋಣಿಗೆ ತುಂಬಿ ಎತ್ತಿನ ಮೇಲೋ, ಗಾಡಿರಸ್ತೆ ಆದ ಮೇಲೆ ಗಾಡಿಯಲ್ಲೋ ಘಟ್ಟ ಇಳಿಸಬೇಕು. ಮಂಗಳೂರಿನ ಕ್ಯೂರಿಂಗ್ ಕೆಲಸದ ಮನೆಗಳಲ್ಲಿ ಹೊಟ್ಟು ತೆಗೆದು, ಹೆಂಗಸರು ಸಾಲಾಗಿ ಕುಳಿತು ಕಪ್ಪು ಕಾಳು, ಒಡಕು ಕಾಳು ಆರಿಸಿ, ಮತ್ತೆ ಚೀಲ ಕಟ್ಟಬೇಕು. ಇದೆಲ್ಲ ಮೇ ಕೊನೆಯೊಳಗೆ ಮುಗಿದು ಸರಕು ಹಡಗು ಹತ್ತಿರಬೇಕು. ಜೂನ್ ಬಂತೆಂದರೆ ನದಿಬಾಯಿಯ ಹಳೆಯ ಬಂದರು ಮುಚ್ಚಿತು. ಅಳಿವೆಯ ಮರಳುದಿಣ್ಣೆಯ ಮೇಲೆ ಒಡೆಯುವ ಅಲೆಗಳನ್ನು ದಾಟಿ ಮಂಜಿಗಳು ಹೊರಗಿನ ಹಡಗನ್ನು ಮುಟ್ಟುವಂತಿಲ್ಲ. ತಪ್ಪಿದವರಿಗೆ ಸೆಪ್ಟೆಂಬರೇ ಗತಿ.

ಹಡಗು ಹತ್ತಿದ ಕಾಫಿ ಆಫ್ರಿಕದ ತುದಿಯ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಹೋಗುತ್ತಿತ್ತು. ಮುಂಬಯಿಯಿಂದ ಲಂಡನ್ನಿಗೆ ಆ ದಾರಿಯಲ್ಲಿ ಸುಮಾರು 19,750 ಕಿ.ಮೀ. ಹಾಯಿಹಡಗಿಗೆ ನಾಲ್ಕರಿಂದ ಆರು ತಿಂಗಳು. ಭೂಮಧ್ಯರೇಖೆಯನ್ನು ಎರಡು ಸಲ ದಾಟಬೇಕು. ಮರದ ಹಲಗೆಯ ಹೊಟ್ಟೆಯೊಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ, ಗೋಣಿಚೀಲದಲ್ಲಿ ಕುಳಿತ ಕಾಫಿ ಬೀಜ ಉಪ್ಪುಗಾಳಿಯ ತೇವವನ್ನು ಹೀರಿ ಉಬ್ಬುತ್ತಿತ್ತು. ಹೊರಡುವಾಗ ಹಸುರು ಛಾಯೆಯಿದ್ದ ಕಾಳು ಇಳಿಯುವಾಗ ಹೊಂಬಣ್ಣಕ್ಕೆ ತಿರುಗಿರುತ್ತಿತ್ತು. ಹುಳಿ ಸತ್ತು, ಒಗರು ಇಳಿದು, ಮೆತ್ತನೆಯ, ತುಸು ಮಣ್ಣಿನ ವಾಸನೆಯ ಗಟ್ಟಿ ಕಷಾಯವಾಗುತ್ತಿತ್ತು. ತೋಟದ ಮಾಲೀಕ ನೋಡಿದ್ದರೆ ಹಾಳಾಯಿತೆಂದು ತಲೆಗೆ ಕೈಹಚ್ಚಿಕೊಳ್ಳುತ್ತಿದ್ದನೋ ಏನೋ. ಆದರೆ ಅದನ್ನು ಕುಡಿದ ಯುರೋಪಿನವರಿಗೆ ಕಾಫಿಯೆಂದರೆ ಅದೇ. ಈ ಬೆಟ್ಟಗಳ ಕಾಫಿ ಇಲ್ಲಿ ಹೇಗಿರುತ್ತದೆಂದು ಅವರಿಗೆ ತಿಳಿದಿರಲಿಲ್ಲ.

ಇತ್ತ ಬೆಳೆಗಾರನ ಪಾಡು ಇನ್ನೊಂದು ಬಗೆಯದು. ಮಾರ್ಚಿಯಲ್ಲಿ ಹೊರಟ ಸರಕು ಲಂಡನ್ ಮುಟ್ಟುವುದು ಮಳೆಗಾಲ ಮುಗಿಯುವ ಹೊತ್ತಿಗೆ. ಅಲ್ಲಿ ಹರಾಜಾಗಿ ಬೆಲೆಯ ಸುದ್ದಿ ಈಜಿಪ್ಟಿನ ನೆಲಮಾರ್ಗದ ಟಪಾಲಿನಲ್ಲಿ ಹಿಂದಿರುಗಲು ಮತ್ತೆ ಒಂದು ತಿಂಗಳಿಗೂ ಹೆಚ್ಚು. ಹೋದ ವರ್ಷದ ಬೆಳೆಗೆ ಎಷ್ಟು ಸಿಕ್ಕಿತೆಂದು ತಿಳಿಯುವಾಗ ಈ ವರ್ಷದ ಹಣ್ಣು ಗಿಡದಲ್ಲಿ ಕೆಂಪಾಗುತ್ತಿರುತ್ತಿತ್ತು. ಅಷ್ಟರೊಳಗೆ ಆಳುಗಳ ಕೂಲಿ, ಗಾಡಿಯವರ ಬಾಡಿಗೆ, ಮಂಗಳೂರಿನ ಸಾಹುಕಾರರ ಬಡ್ಡಿ ಎಲ್ಲವನ್ನೂ ಹೊರುವವನು ಅವನೇ. ದೂರದ ಖರ್ಚನ್ನು ಸಾಗಣೆಯ ಬಾಡಿಗೆಯಲ್ಲಿ ಮಾತ್ರ ಎಣಿಸುವ ಅಭ್ಯಾಸ ಸರಿಯಲ್ಲ. ಕಾಯುವ ಬಡ್ಡಿ ಅದಕ್ಕಿಂತ ಭಾರವಾಗಿತ್ತು.

1869ರ ನವೆಂಬರ್ 17ರಂದು ಸೂಯೆಜ್ ಕಾಲುವೆ ತೆರೆಯಿತು. ಮುಂಬಯಿ-ಲಂಡನ್ ಕಡಲದಾರಿ ಒಮ್ಮೆಲೇ ಸುಮಾರು 11,600 ಕಿ.ಮೀ.ಗೆ ಇಳಿಯಿತು. ಐದರಲ್ಲಿ ಎರಡು ಪಾಲು ಉಳಿತಾಯ. ಮರುವರ್ಷವೇ, 1870ರಲ್ಲಿ, ಕಡಲ ತಳದಲ್ಲಿ ಹಾಸಿದ ತಂತಿ ಏಡನ್ ಮೂಲಕ ಮುಂಬಯಿಯನ್ನು ಇಂಗ್ಲೆಂಡಿಗೆ ಜೋಡಿಸಿತು. ಲಂಡನ್ ಪೇಟೆಯ ಧಾರಣೆ ಹಡಗಿಗಿಂತ ಮೊದಲು, ಹಡಗನ್ನೇ ಕಾಯದೆ ಬರತೊಡಗಿತು. ಒಂದೂವರೆ ವರ್ಷದೊಳಗೆ ಎರಡು ದೂರಗಳು ಕುಸಿದವು. ಆದರೆ ಎರಡೂ ಒಂದೇ ಪ್ರಮಾಣದಲ್ಲಿ ಕುಸಿಯಲಿಲ್ಲ. ಸುದ್ದಿ ಗಂಟೆಗಳಲ್ಲಿ ಅಳೆಯುವಂತಾಯಿತು, ಸರಕು ವಾರಗಳಲ್ಲಿಯೇ ಉಳಿಯಿತು. ಕಳಸದ ಮಟ್ಟಿಗೆ ಹೇಳುವುದಾದರೆ ಎರಡೂ ಮಂಗಳೂರಿಗೆ ಬಂದು ನಿಂತು, ಅಲ್ಲಿಂದ ಮುಂದಕ್ಕೆ ಅಂಚೆಯವನ ಕಾಲನ್ನೂ ಎತ್ತಿನ ಕಾಲನ್ನೂ ನಂಬಬೇಕಾಗಿತ್ತು.

ಕಾಲುವೆಯ ದಾರಿ ಹಾಯಿಹಡಗಿಗೆ ಒಗ್ಗಲಿಲ್ಲ. ಕೆಂಪು ಸಮುದ್ರದ ಎದುರುಗಾಳಿ ಅದಕ್ಕೆ ಅಡ್ಡಿ. ಅದು ಉಗಿಹಡಗಿನ ದಾರಿ. ಕಬ್ಬಿಣದ ಮೈ, ಬಿಗಿಯಾಗಿ ಮುಚ್ಚುವ ಒಡಲು, ಮೂರು ನಾಲ್ಕು ವಾರದ ಓಟ. ಕಾಫಿ ಬೀಜ ಹೊರಟ ಬಣ್ಣದಲ್ಲೇ ಇಳಿಯಿತು. ಒಳ್ಳೆಯದಾಯಿತೆಂದು ಯಾರಾದರೂ ಹೇಳುತ್ತಾರೆ. ಆದರೆ ಕಾಫಿ ವ್ಯಾಪಾರದವರು ಹೇಳಿಕೊಂಡು ಬಂದಿರುವ ಪ್ರಕಾರ ಉತ್ತರ ಯುರೋಪಿನ, ಅದರಲ್ಲೂ ಸ್ಕ್ಯಾಂಡಿನೇವಿಯದ ಗಿರಾಕಿಗಳು ಮುಖ ಸಿಂಡರಿಸಿದರು. ಇದು ನಮ್ಮ ಹಳೆಯ ಮಲಬಾರ್ ಕಾಫಿಯಲ್ಲ ಎಂದರು. ಅವರು ಇಷ್ಟಪಟ್ಟಿದ್ದರಲ್ಲಿ ಗಿಡದ ಪಾಲೆಷ್ಟು, ದಾರಿಯ ಪಾಲೆಷ್ಟು ಎಂದು ತಿಳಿದದ್ದು ದಾರಿ ಕಿರಿದಾದ ಮೇಲೆಯೇ.

ಮುಂದಿನದು ಕರಾವಳಿಯ ಜಾಣತನದ ಕಥೆ. ಕಡಲಿನ ಆರು ತಿಂಗಳನ್ನು ನೆಲದ ಮೇಲೆಯೇ ಮಾಡಿಕೊಟ್ಟರಾಗದೇ ಎಂದು ಯೋಚಿಸಿದವರು ಯಾರೋ ಅವರ ಹೆಸರು ಉಳಿದಿಲ್ಲ, ಕೆಲಸ ಉಳಿದಿದೆ. ಮಂಗಳೂರಿನ ಕಡಲತೀರದ ಗೋದಾಮುಗಳಲ್ಲಿ, ಗಾಳಿಯಾಡಲು ಬದಿಗಳನ್ನು ತೆರೆದಿಟ್ಟು, ಜೂನ್ ಮಳೆ ಹಿಡಿಯುತ್ತಿದ್ದಂತೆ ಆಯ್ದ ಚೆರಿ ಕಾಫಿಯ ದಪ್ಪ ಕಾಳುಗಳನ್ನು ನೆಲದ ಮೇಲೆ ಗೇಣುದ್ದಕ್ಕಿಂತ ಕಡಿಮೆ ದಪ್ಪಕ್ಕೆ ಹರಡುತ್ತಾರೆ. ಮಳೆಯ ಹನಿ ತಾಗಬಾರದು, ಮಳೆಯ ಗಾಳಿ ತಾಗಬೇಕು. ಆಗಾಗ ಕೆದಕಿ ಮಗುಚುತ್ತಾರೆ. ಕೆಲವು ದಿನಗಳ ನಂತರ ಗೋಣಿಗೆ ಸಡಿಲವಾಗಿ ತುಂಬಿ, ಚೀಲಗಳ ನಡುವೆ ಗಾಳಿ ನುಸುಳುವಂತೆ ಸಾಲು ಕಟ್ಟುತ್ತಾರೆ. ಮತ್ತೆ ಸುರಿದು, ಮತ್ತೆ ತುಂಬಿ, ಸಾಲಿನ ಜಾಗ ಬದಲಿಸುತ್ತಾರೆ. ಹೀಗೆ ಹನ್ನೆರಡರಿಂದ ಹದಿನಾರು ವಾರ. ಕೊನೆಗೆ ಕಾಳು ಉಬ್ಬಿ, ಹಗುರಾಗಿ, ಹಳೆಯ ಹಾಯಿಹಡಗಿನಿಂದ ಇಳಿದಂತೆಯೇ ಹೊಂಬಣ್ಣಕ್ಕೆ ಬರುತ್ತದೆ. ಹುಳ ಹೊಡೆಯದಂತೆ ಔಷಧದ ಹೊಗೆ ಕೊಟ್ಟು, ಬಣ್ಣ ತಿರುಗದ ಕಾಳುಗಳನ್ನು ಆರಿಸಿ ತೆಗೆದು ಚೀಲ ಕಟ್ಟುತ್ತಾರೆ. ಮಾನ್ಸೂನ್ಡ್ ಮಲಬಾರ್ ಎಂಬ ಹೆಸರಿನ ಈ ಕಾಫಿಗೆ ಇಂದು ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಬಾಬಾಬುಡನ್‌ಗಿರಿ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾಗಳಿಗೆ ಅದು 2019ರಲ್ಲಿ ಸಿಕ್ಕಿತು. ಗುಡ್ಡಕ್ಕೆ ಸಿಕ್ಕುವ ಹತ್ತು ವರ್ಷ ಮೊದಲೇ ಗೋದಾಮಿಗೆ ಸಿಕ್ಕಿದ್ದು ವಿಚಿತ್ರವಾದರೂ ನಿಜ.

ಬೇಗ ತಲುಪಿಸುತ್ತೇವೆಂದು ದುಡ್ಡು ಕೇಳುವ ವ್ಯಾಪಾರಗಳು ಲೋಕದಲ್ಲಿ ಬೇಕಾದಷ್ಟಿವೆ. ತಡ ಮಾಡಿದ್ದೇವೆಂದು ದುಡ್ಡು ಕೇಳುವ ವ್ಯಾಪಾರ ಅಪರೂಪ.

ಮಂಗಳೂರಿನ ಬಂದರಿಗೆ ಮಳೆಗಾಲದ ಬಾಗಿಲು ತೆರೆದದ್ದು ಪಣಂಬೂರಿನಲ್ಲಿ ಹೊಸ ಬಂದರು ಆದ ಮೇಲೆ. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಅದರ ಹಿಂದೆಯೇ ಬಂದದ್ದು ಕಳಸದ ನೆರೆಯ ಕುದುರೆಮುಖದ ಕಬ್ಬಿಣದ ಅದಿರಿನ ಯೋಜನೆ. ಅದಿರನ್ನು ನುಣ್ಣಗೆ ಅರೆದು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಪಣಂಬೂರಿಗೆ ಹರಿಯಬಿಟ್ಟರು. ಕೊಳವೆಯ ಉದ್ದ 67 ಕಿ.ಮೀ. ಅದೇ ಬೆಟ್ಟದಿಂದ ಅದೇ ಕಡಲಿಗೆ ಇಳಿಯುವ ಮನುಷ್ಯ ರಸ್ತೆಯಲ್ಲಿ ನೂರು ಕಿ.ಮೀ. ಸುತ್ತಬೇಕು. ಕಲ್ಲಿಗೆ ಸಿಕ್ಕಿದ ನೇರ ದಾರಿ ಮನುಷ್ಯರಿಗೆ ಸಿಕ್ಕಲಿಲ್ಲ. ಅದಿರು ಕೊಳ್ಳುತ್ತೇನೆಂದು ಸಾಲ ಕೊಟ್ಟಿದ್ದ ಇರಾನಿನ ಷಾ 1979ರಲ್ಲಿ ಸಿಂಹಾಸನ ಕಳೆದುಕೊಂಡ. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಯೋಜನೆಗಾಗಿ ಆದ ರಸ್ತೆ ಉಳಿಯಿತು. ಭೈರರಸರ ಎರಡು ರಾಜಧಾನಿಗಳನ್ನು ಇಂದು ಜೋಡಿಸುತ್ತಿರುವುದು ಆ ರಸ್ತೆಯೇ.

ಆಕಾಶದ ದಾರಿ ಈ ಸೀಮೆಗೆ ಬಂದದ್ದು ಅಂಚೆಯ ಚೀಲ ಹೊತ್ತು. 1929ರಲ್ಲಿ ಲಂಡನ್ನಿನಿಂದ ಕರಾಚಿಗೆ ವಿಮಾನ ಅಂಚೆ ಆರಂಭವಾದಾಗ ಸುಮಾರು 8,000 ಕಿ.ಮೀ.ಗೆ ಏಳು ದಿನ ಹಿಡಿಯುತ್ತಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ತಂದ ಚೀಲಗಳನ್ನು ನೆವಿಲ್ ವಿನ್ಸೆಂಟ್ ಮದರಾಸಿಗೆ ಒಯ್ದದ್ದು ಬಳ್ಳಾರಿಯ ಮೂಲಕ. ಇಂದಿನ ಕರ್ನಾಟಕದ ನೆಲದ ಮೇಲೆ ಇಳಿದ ಮೊದಲ ನಿಯತ ವಿಮಾನ ಅಂಚೆ ಅದು. ಮಂಗಳೂರಿನ ಬಜ್ಪೆಯ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು. ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದರು. ಕಳಸದಿಂದ ಬಜ್ಪೆಗೆ ನೇರ ಗೆರೆ ಎಳೆದರೆ 60 ಕಿ.ಮೀ. ಕೂಡ ಇಲ್ಲ. ವಿಮಾನಕ್ಕೆ ಅದು ಐದು ನಿಮಿಷದ ದೂರ. ಬಸ್ಸಿನಲ್ಲಿ ಹೋಗುವವನಿಗೆ ಅರ್ಧ ದಿನದ ಕೆಲಸ.

ಮಳೆಗಾಲದಲ್ಲಿ ಆ ಅರ್ಧ ದಿನವೂ ನಂಬಿಕೆಯದಲ್ಲ. ಕಳಸದಿಂದ ಹೊರನಾಡಿಗೆ 8 ಕಿ.ಮೀ. ನಡುವೆ ಭದ್ರೆಗೆ ಹೆಬ್ಬಾಳೆಯಲ್ಲಿ ಕಟ್ಟಿದ ತಗ್ಗು ಸೇತುವೆ. ನದಿ ತುಂಬಿ ಸೇತುವೆಯ ಮೇಲೆ ಹರಿದ ದಿನಗಳಲ್ಲಿ ಎಂಟು ಕಿಲೋಮೀಟರ್ ಎಂಬುದು ಬರಿಯ ಅಂಕಿ. ಹೊರನಾಡಿನ ಯಾತ್ರಿಕ ಬಳಸು ದಾರಿ ಹಿಡಿಯುತ್ತಾನೆ ಅಥವಾ ನೀರಿಳಿಯುವವರೆಗೆ ಕಾಯುತ್ತಾನೆ. ಹೆರಿಗೆಯ ನೋವು ಬಂದವಳು ಕಾಯುವಂತಿಲ್ಲ. 2019ರ ಆಗಸ್ಟಿನ ಮಳೆಯಲ್ಲಿ ಚಾರ್ಮಾಡಿ ಘಾಟಿಯ ರಸ್ತೆ ಕುಸಿದು ಭಾರಿ ವಾಹನಗಳು ತಿಂಗಳುಗಟ್ಟಲೆ ನಿಂತವು. ಕಾಫಿ ಗೊಬ್ಬರದ ಲಾರಿಗಳೂ ಮಂಗಳೂರಿನ ಆಸ್ಪತ್ರೆಗೆ ಹೋಗುವವರೂ ಬೇರೆ ಘಾಟಿ ಹುಡುಕಿದರು. ದೊಡ್ಡ ಕಾಯಿಲೆಯೆಂದರೆ ಕಳಸದವರಿಗೆ ಮಂಗಳೂರು ಅಥವಾ ಮಣಿಪಾಲ. ಆಗ ಘಟ್ಟದ ಒಂದೊಂದು ತಿರುವನ್ನೂ ಎಣಿಸುವವರು ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕುಳಿತವರು.

ಕಾಫಿಯ ದಾರಿಗೆ ಇತ್ತೀಚೆಗೆ ಇನ್ನೊಂದು ತಿರುವು ಬಂತು. 2023ರ ಕೊನೆಯಲ್ಲಿ ಯೆಮನ್ನಿನ ಹೂತಿ ಬಂಡುಕೋರರು ಕೆಂಪು ಸಮುದ್ರದ ಬಾಯಲ್ಲಿ ಸರಕಿನ ಹಡಗುಗಳ ಮೇಲೆ ದಾಳಿ ಶುರುಮಾಡಿದರು. ಮೋಖಾದ ಆಸುಪಾಸಿನದೇ ಆ ನೀರು. ದೊಡ್ಡ ಹಡಗು ಕಂಪನಿಗಳು ಸೂಯೆಜ್ ಬಿಟ್ಟು, ನೂರೈವತ್ತು ವರ್ಷಗಳ ಹಿಂದಿನಂತೆ, ಗುಡ್‌ಹೋಪ್ ಭೂಶಿರವನ್ನು ಸುತ್ತತೊಡಗಿದವು. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಹೋಗುವುದು ಹೊರದೇಶಕ್ಕೆ, ಅದರಲ್ಲೂ ಇಟಲಿ, ಜರ್ಮನಿ, ಬೆಲ್ಜಿಯಂಗಳಿಗೆ. ಬಾಡಿಗೆ ಏರಿತು, ಪ್ರಯಾಣ ಹತ್ತು ಹದಿನೈದು ದಿನ ಉದ್ದವಾಯಿತು, ಕಂಟೇನರು ಸಿಗುವುದು ಕಷ್ಟವಾಯಿತು. 2024ರಲ್ಲಿ ಕಾಫಿಯ ಬೆಲೆ ಜಗತ್ತಿನಲ್ಲೆಲ್ಲ ಏರುತ್ತಿದ್ದುದರಿಂದ ಬೆಳೆಗಾರರಿಗೆ ಅದರ ಬಿಸಿ ಅಷ್ಟಾಗಿ ತಟ್ಟಲಿಲ್ಲ. ರಫ್ತುದಾರರಿಗೆ ತಟ್ಟಿತು.

ಹಳೆಯ ದಾರಿ ಮರಳಿದರೂ ಹಳೆಯ ಬಣ್ಣ ಮರಳಲಿಲ್ಲ. ಒಳಗೆ ಪದರ ಹೊದಿಸಿ, ಬಾಗಿಲಿಗೆ ಮುದ್ರೆ ಒತ್ತಿದ ಉಕ್ಕಿನ ಪೆಟ್ಟಿಗೆಯಲ್ಲಿ ಆಫ್ರಿಕವನ್ನೇ ಸುತ್ತಿ ಹೋದ ಚಿಕ್ಕಮಗಳೂರಿನ ಕಾಳು ಹಸುರಾಗಿಯೇ ಯುರೋಪಿನಲ್ಲಿ ಇಳಿಯಿತು. ಹೊಂಬಣ್ಣದ ಕಾಳು ಬೇಕಾದವರಿಗಾಗಿ ಮಂಗಳೂರಿನ ಗೋದಾಮುಗಳಲ್ಲಿ ಆ ವರ್ಷವೂ ಜೂನಿನಲ್ಲಿ ನೆಲ ಗುಡಿಸಿ ಚೆರಿ ಕಾಫಿ ಹರಡಿದರು.